ತೊಳೆಯದ ಕೊಡೆ

ನನ್ನ ಕೊಡೆಯನ್ನು ನಾನು ತೊಳೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಾಗಲಿ, ಕೊಪ್ಪದ ಸಂತೆಯಲ್ಲಾಗಲಿ, ಯಾರದೋ ಮದುವೆಯ ಮಂಟಪದ ಬಾಗಿಲಲ್ಲಾಗಲಿ ನೀವು ನನ್ನನ್ನು ಕಂಡರೆ, ನಮಸ್ಕಾರ ಹೇಳುವುದಕ್ಕೂ ಮುಂಚೆ ನಿಮ್ಮ ಕಣ್ಣು ಆ ಕೊಡೆಯ ಮೇಲೆ ಬೀಳುತ್ತದೆ, ಮತ್ತು ಪರೋಪಕಾರ ಬುದ್ಧಿಯವರಾದ ನೀವು ದನಿ ತಗ್ಗಿಸಿ, "ಟೀಚರೇ, ಕೊಡೆ ಮೇಲೆ ಎಂತದೋ ಬಿದ್ದಿದೆ" ಎನ್ನುತ್ತೀರಿ. ಗೊತ್ತು. ಬಿದ್ದಿರುವುದು ಹಕ್ಕಿಯ ಹಿಕ್ಕೆ. ಕಪ್ಪು ಬಟ್ಟೆಯ ಮೇಲೆ ನಕ್ಷತ್ರಗಳಂತೆ ಹರಡಿಕೊಂಡಿರುವ ಆ ಬಿಳಿ ಚುಕ್ಕೆಗಳಲ್ಲಿ ಒಂದೊಂದೂ ಯಾವ ದಿನ, ಯಾವ ಜಾಗದಲ್ಲಿ ಬಿದ್ದದ್ದೆಂದು ನಾನು ಹೇಳಬಲ್ಲೆ. ಆದರೆ ಮದುವೆಮನೆಯಲ್ಲಿ ಅದನ್ನೆಲ್ಲ ಕೇಳುವ ವ್ಯವಧಾನ ಯಾರಿಗಿರುತ್ತದೆ?

ನೋಟ್‌ಬುಕ್ಕಿನಲ್ಲಿ ಒಂದು ಶಾಯಿಯ ಕಲೆ ಕಂಡರೆ ಎರಡು ಅಂಕ ಕಳೆಯುತ್ತಿದ್ದ ಮಹಾತಾಯಿ ನಾನು. ಹಾಗೆ ಅಂಕ ಕಳೆದುಕೊಂಡ ಮಕ್ಕಳೆಲ್ಲ ಈಗ ಊರಿನ ಅಂಗಡಿ, ಬ್ಯಾಂಕು, ಕಚೇರಿಗಳಲ್ಲಿ ದೊಡ್ಡವರಾಗಿ ಕೂತಿದ್ದಾರೆ. ನನ್ನ ಕೊಡೆಯನ್ನು ನೋಡಿದಾಗ ಅವರ ಮುಖದಲ್ಲಿ ಅರಳುವ ನಿಷ್ಕಲ್ಮಷ ಆನಂದವನ್ನು ನಾನು ಕಿತ್ತುಕೊಳ್ಳಲು ಹೋಗುವುದಿಲ್ಲ. ನನ್ನ ತಮ್ಮ ಪರಮೇಶನಂತೂ ಒಂದು ದಿನ ಬಕೆಟ್ಟು, ಸೋಪಿನ ಪುಡಿ ಸಮೇತ ಮನೆಗೇ ಬಂದಿದ್ದ. ಮರ್ಯಾದೆಯ ಪ್ರಶ್ನೆಯಂತೆ. ನಾನು ಕೊಡೆಯನ್ನು ಎದೆಗವಚಿಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ.

ಈ ಹಠದ ಹಿನ್ನೆಲೆ ತಿಳಿಯಬೇಕಾದರೆ ನಮ್ಮ ಗದ್ದೆಯಿಂದ ಶುರುಮಾಡಬೇಕು. ಗದ್ದೆ ಎಂದೊಡನೆ ಹಸಿರು ಪೈರನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮದು ನೀರಿನಡಿ ಇರುವ ಗದ್ದೆ. ಭದ್ರೆಗೆ ಅಣೆಕಟ್ಟು ಬಂದು ಹಿನ್ನೀರು ಏರಿದಾಗ ನಾನು ತೊಟ್ಟಿಲಲ್ಲಿದ್ದೆ. ನನಗಿಂತ ಆರು ವರ್ಷಕ್ಕೆ ಕಿರಿಯನಾದ ಪರಮೇಶ ಹುಟ್ಟುವ ಹೊತ್ತಿಗೆ ಗದ್ದೆ ಮೀನುಗಳ ಸ್ವಾಧೀನಕ್ಕೆ ಹೋಗಿತ್ತು. ಅದು ಈಗ ಸರ್ಕಾರದ್ದು, ಅಂದರೆ ನೀರಿನದ್ದು. ಆದರೂ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಹಳೆಯ ಬದುಗಳು ಒಂದೊಂದಾಗಿ ತಲೆಯೆತ್ತುವ ಕಾಲಕ್ಕೆ, ಮುಳುಗಡೆಯಾದ ಮನೆತನಗಳವರು ತಂತಮ್ಮ ಗದ್ದೆಗಳನ್ನು ನೋಡಿಕೊಂಡು ಬರಲು ಹೋಗುವ ರೂಢಿ ಇದೆ. ಯುಗಾದಿ ಕಳೆದ ಮೇಲಿನ ಅಮಾವಾಸ್ಯೆಗೆ ನಮ್ಮ ಮನೆಯವರೆಲ್ಲ ಪಾತ್ರೆ, ಅಕ್ಕಿ, ಬೆಲ್ಲ ಹೊತ್ತುಕೊಂಡು ಹೋಗಿ, ಒಣಗಿದ ಬದುವಿನ ಮೇಲೆ ಮೂರು ಕಲ್ಲಿಟ್ಟು ಪಾಯಸ ಮಾಡಿ, ಹಿರಿಯರಿಗೆ ಬಾಳೆಲೆಯಲ್ಲಿ ಎಡೆ ಹಾಕಿ, ನಾವೂ ಅಲ್ಲೇ ಉಂಡು ಬರುತ್ತೇವೆ. ಅಪ್ಪ ಇದ್ದಾಗ ಕೋಲು ಊರಿ ನಿಂತು, ಬಿರುಕುಬಿಟ್ಟ ಕೆಸರನ್ನು ತೋರಿಸುತ್ತ, "ಇಲ್ಲಿ ಹೊನ್ನೆಮರ ಇತ್ತು, ಅಲ್ಲಿ ಕಣ ಇತ್ತು" ಎಂದು ಹೇಳುತ್ತಿದ್ದರು. ಮರವೂ ಇಲ್ಲ, ಕಣವೂ ಇಲ್ಲ. ಆದರೆ ಅಪ್ಪನ ಕೋಲು ತೋರಿಸಿದ ಜಾಗದಲ್ಲಿ ಅವು ನಮಗೆ ಕಾಣುತ್ತಿದ್ದವು.

ಅಪ್ಪ ತೀರಿಕೊಂಡ ಮರುವರ್ಷ ಎಡೆ ಹಾಕುವ ಹೊಣೆ ನನ್ನ ತಲೆಗೆ ಬಂತು. ಆ ಸಲ ನೀರು ಎಂದಿಗಿಂತ ಹೆಚ್ಚು ಇಳಿದು, ನಮ್ಮ ಗದ್ದೆ ಮೂರು ಕಡೆ ನೀರಿರುವ ಉದ್ದನೆಯ ನಾಲಗೆಯಂತೆ ಹಿನ್ನೀರಿನೊಳಗೆ ಚಾಚಿಕೊಂಡಿತ್ತು. ಕೆಸರು ಕಳೆದು ಬರೀ ಸಣ್ಣ ಕಲ್ಲು, ಮರಳು. ಅದರ ತುದಿಗೆ ಹೋಗಿ ಒಲೆ ಹೂಡಿದೆವು. ಎಲೆ ಹಾಕುವುದೇ ತಡ, ನೀವು ನಂಬಬೇಕು, ಆಕಾಶದಿಂದ ನೂರಾರು ಬಿಳಿ ಹಕ್ಕಿಗಳು ಇಳಿದು ಬಂದು ನಮ್ಮ ತಲೆಯ ಮೇಲೆ ಸುತ್ತತೊಡಗಿದವು. ಹಳದಿ ಕೊಕ್ಕು, ಕರಿ ಟೋಪಿ, ಕತ್ತರಿಯಂಥ ಬಾಲ. ಊರಿನಲ್ಲಿ ಎಡೆಯಿಟ್ಟು ಒಂದೇ ಒಂದು ಕಾಗೆಗಾಗಿ ಗಂಟೆಗಟ್ಟಲೆ ಕೈಮುಗಿದು, ಸತ್ತವರ ಆಸೆಗಳನ್ನೆಲ್ಲ ನೆನಪಿಸಿಕೊಂಡು, ಇದೇನು ಬಾಕಿ, ಅದೇನು ಕೊರತೆ ಎಂದು ಗೋಗರೆಯುವ ಜನ ನಾವು. ಇಲ್ಲಿ ನೋಡಿದರೆ ಕರೆಯದೆಯೇ ಇಡೀ ವಂಶವೃಕ್ಷ ಬಂದಿಳಿದಿತ್ತು.

ನಾನು ಕೈಮುಗಿದೆ. "ಹಿರಿಯರು ಬಂದರು" ಎಂದು ಘೋಷಿಸಿದವಳು ನಾನೇ; ಮೂವತ್ತು ವರ್ಷ ಪಾಠ ಮಾಡಿದ ಗಂಟಲು, ಯಾರೂ ಸಂಶಯಪಡಲಿಲ್ಲ. ಒಂದು ಹಕ್ಕಿ ನನ್ನ ನೆತ್ತಿಯನ್ನೇ ತಾಗುವಷ್ಟು ಕೆಳಗಿಳಿದು ಕಿರುಚಿದಾಗ, ಅದು ಅಪ್ಪನೇ ಎಂದು ನನಗೆ ಖಾತ್ರಿಯಾಯಿತು; ಬದುಕಿದ್ದಾಗಲೂ ಅವರ ದನಿ ಹಾಗೇ ಇತ್ತು. ಹಿಕ್ಕೆ ಹಣೆಯ ಮೇಲೆ ಬಿತ್ತು, ಒರೆಸಿಕೊಳ್ಳದೆ ಪ್ರಸಾದವೆಂದುಕೊಂಡೆ. ಹಿರಿಯರು ಇಷ್ಟು ಪ್ರೀತಿಯಿಂದ ಬಂದಿರುವಾಗ ಬೇಗ ಎದ್ದುಹೋಗುವುದು ಸಭ್ಯತೆಯೇ? ಎಲ್ಲರನ್ನೂ ಕೂರಿಸಿ, ಎರಡನೆಯ ಸಲ ಪಾಯಸ ಬಡಿಸಿ, ನನಗೆ ಬರುವ ನಾಲ್ಕು ದೇವರನಾಮಗಳನ್ನು ಹಾಡಿ, ಬಿಸಿಲು ನೆತ್ತಿಗೇರಿ ಇಳಿಯುವವರೆಗೆ, ನಾಲ್ಕು ತಾಸು, ಅಲ್ಲೇ ಇದ್ದೆವು.

ತೆಪ್ಪದಲ್ಲಿ ಬಲೆ ಎತ್ತಲು ಹೊರಟಿದ್ದ ಶೇಖರಣ್ಣ ನಮ್ಮ ಗದ್ದಲ ಕೇಳಿ ದಡಕ್ಕೆ ಬಂದ. ಹಿನ್ನೀರಿನಲ್ಲಿ ಮೀನು ಹಿಡಿದು ಬದುಕುವವನು. ಅವನ ಮಗಳು ನನ್ನ ವಿದ್ಯಾರ್ಥಿನಿ. ನಾನು ಸಂಭ್ರಮದಿಂದ ಆಕಾಶ ತೋರಿಸಿದೆ. ಅವನು ಆಕಾಶ ನೋಡಲಿಲ್ಲ, ನಮ್ಮ ಕಾಲಡಿ ನೋಡಿದ.

"ಅವು ಹರಸ್ತಾ ಇಲ್ಲ ಟೀಚರೇ, ಬಯ್ತಾ ಇದಾವೆ. ಮೊಟ್ಟೆ ಮೇಲೆ ಕೂತಿದೀರಲ್ಲ ಮಾರಾಯ್ರೇ, ಏಳಿ ಏಳಿ!"

ಅವನು ಬೆರಳು ಮಾಡಿ ತೋರಿಸಿದ ಮೇಲೆಯೇ ಕಂಡದ್ದು. ಕಲ್ಲುಗಳೆಂದುಕೊಂಡವು ಕಲ್ಲುಗಳಾಗಿರಲಿಲ್ಲ. ಅಂಗೈಯಷ್ಟು ತಗ್ಗು, ತಗ್ಗಿನಲ್ಲಿ ಎರಡೋ ಮೂರೋ ಮೊಟ್ಟೆ, ಮರಳಿನದೇ ಬಣ್ಣ, ಮೇಲೆ ಕಂದು ಚುಕ್ಕೆ. ಹತ್ತು ಹೆಜ್ಜೆಗೊಂದು, ಐದು ಹೆಜ್ಜೆಗೊಂದು. ನಮ್ಮ ಒಲೆಯ ಒಂದು ಕಲ್ಲು ಅಂಥದೊಂದು ತಗ್ಗಿನ ಅಂಚಿನಲ್ಲೇ ಕೂತಿತ್ತು. ನಾನು ಬಾಗಿ ಒಂದು ಮೊಟ್ಟೆಯನ್ನು ಮುಟ್ಟಿದೆ. ಅದು ಒಲೆಯ ಪಕ್ಕ ಮರೆತುಬಿಟ್ಟ ಲೋಟದಷ್ಟು ಬಿಸಿಯಾಗಿತ್ತು. ಬೇಸಿಗೆಯಲ್ಲಿ ಈ ಹಕ್ಕಿಗಳು ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡುವುದಕ್ಕಿಂತ ಹೆಚ್ಚಾಗಿ ನೆರಳು ಕೊಡುವುದಕ್ಕೆ ಎಂದು ಶೇಖರಣ್ಣ ಹೇಳಿದ. ನಾವು ಭಕ್ತಿಯಿಂದ ಕೂತಿದ್ದ ಆ ನಾಲ್ಕು ತಾಸೂ ಅವು ನಮ್ಮ ತಲೆಯ ಮೇಲೆ ಸುತ್ತುತ್ತ, ಕೆಳಗಿಳಿಯಲಾಗದೆ, ತಮ್ಮ ಮೊಟ್ಟೆಗಳು ಬೇಯುವುದನ್ನು ನೋಡುತ್ತಿದ್ದವು.

ಆ ದಿನ ಮನೆಗೆ ಬಂದು ನಾನು ಅತ್ತೆ. ಅದನ್ನು ಅಲಂಕಾರಿಕವಾಗಿ ಹೇಳುವ ಶಕ್ತಿ ನನಗಿಲ್ಲ. ತಪ್ಪು ಮಾಡಿದವರಿಗೆ ಕೆಟ್ಟ ಉದ್ದೇಶವಿದ್ದರೆ ಒಂದು ಬಗೆಯ ಸಮಾಧಾನವಾದರೂ ಇರುತ್ತದೆ. ಕೈಮುಗಿದುಕೊಂಡು ಮಾಡಿದ ತಪ್ಪಿಗೆ ಅದೂ ಇಲ್ಲ.

ಆಮೇಲೆ ಪುಸ್ತಕ ತೆಗೆದೆ. ಮೇಷ್ಟರಿಕೆಯವರಿಗೆ ದುಃಖವಾದರೂ ಪುಸ್ತಕವೇ ಗತಿ. ನಾವು ಹೊಳೆಹಕ್ಕಿ ಎನ್ನುವ ಅದಕ್ಕೆ ಅಲ್ಲಿ ರೀವ ಎಂಬ ಚಂದದ ಹೆಸರಿತ್ತು. ಹಿನ್ನೀರಿನ ಆಚೆ ದಡ ಅಭಯಾರಣ್ಯ. ಅಲ್ಲಿ ಆನೆ, ಹುಲಿಗಳಿಗೆ ರಕ್ಷಣೆ ಇದೆ, ಫಲಕಗಳಿವೆ, ಕಾವಲಿದೆ. ನಮ್ಮ ಗದ್ದೆ ಈಚೆ ದಡದ್ದು. ಗಡಿ ನಡುನೀರಿನಲ್ಲೆಲ್ಲೋ ಹಾದುಹೋಗುತ್ತದಂತೆ, ಅದನ್ನು ಹಕ್ಕಿಗಳಿಗೆ ಯಾರೂ ತಿಳಿಸಿದಂತಿಲ್ಲ. ನನಗೆ ಶೃಂಗೇರಿಯ ಮೀನುಗಳು ನೆನಪಾದವು. ತುಂಗೆಯ ಮೆಟ್ಟಿಲಲ್ಲಿ ಕೂತು ಮಂಡಕ್ಕಿ ಎಸೆದರೆ ಮೊಳದುದ್ದದ ಮೀನುಗಳು ಬಾಯಿ ತೆರೆದುಕೊಂಡು ಬರುತ್ತವೆ. ಅವನ್ನು ಹಿಡಿಯುವ ಯೋಚನೆ ಯಾವ ಮಾಂಸಾಹಾರಿಗೂ ಬರುವುದಿಲ್ಲ. ಬಾಯಿ ತೆರೆದು ಬರುವ ಪ್ರಾಣಿಗೆ ದಯೆ ತೋರಿಸುವುದು ನಮಗೆ ಚೆನ್ನಾಗಿ ಬರುತ್ತದೆ. ಹಸುವಿಗೆ ಬಾಳೆಹಣ್ಣು, ನಾಯಿಗೆ ಬಿಸ್ಕತ್ತು, ಕಾಗೆಗೆ ಪಿಂಡ. ಆದರೆ ನಮ್ಮಿಂದ ಏನನ್ನೂ ಬೇಡದೆ, ನೀವೊಮ್ಮೆ ಇಲ್ಲಿಂದ ಹೋಗಿ ಎಂದಷ್ಟೇ ಕೇಳುವ ಜೀವಿಗೆ ಯಾವ ನೈವೇದ್ಯ ಮಾಡಬೇಕೆಂದು ನಮಗೆ ಯಾರೂ ಕಲಿಸಿಲ್ಲ. ನಾನಂತೂ ಯಾವ ಮಗುವಿಗೂ ಕಲಿಸಿರಲಿಲ್ಲ.

ಅದಾದ ಮೇಲೆ ಎರಡು ವರ್ಷ ನೀರು ಹೆಚ್ಚಿದ್ದು ಗದ್ದೆ ಮೇಲೇಳಲಿಲ್ಲ. ಈ ವರ್ಷ ಎದ್ದಿತು. ಹಕ್ಕಿಗಳು ಬಂದವು. ಅವುಗಳ ಹಿಂದೆಯೇ ಪರಮೇಶನೂ ಬಂದ.

ಪರಮೇಶ ಹಿನ್ನೀರಿನ ಬದಿಯಲ್ಲಿ ಹೋಂಸ್ಟೇ ನಡೆಸುತ್ತಾನೆ. ಕೆಟ್ಟವನಲ್ಲ; ಅತಿಥಿಗಳಿಗೆ ಸಂತೋಷವಾಗಬೇಕೆಂಬ ಹುಚ್ಚು ಮಾತ್ರ ಇದೆ. ಮೋಟಾರು ಬೋಟು ತಂದಿದ್ದಾನೆ, ಬಣ್ಣಬಣ್ಣದ ಹುಟ್ಟುದೋಣಿಗಳನ್ನು ತಂದಿದ್ದಾನೆ. ಈ ಬೇಸಿಗೆಯಲ್ಲಿ ನಮ್ಮ ಗದ್ದೆಯ ತುದಿಗೆ ಎಂಟು ಟೆಂಟು ಹೊಡೆದು, ಅತಿಥಿಗಳನ್ನು ಬೋಟಿನಲ್ಲಿ ಕರೆದೊಯ್ದು, ಅಲ್ಲೇ ಊಟ, ಅಲ್ಲೇ ಆಟ ಏರ್ಪಡಿಸುವುದಾಗಿ ಯುಗಾದಿಯ ಹೋಳಿಗೆ ತಿನ್ನುತ್ತ ಘೋಷಿಸಿದ. ನಾನು ಮೊಟ್ಟೆಗಳ ವಿಷಯ ಎತ್ತಿದೆ.

"ಅಕ್ಕಾ, ಅದು ನಮ್ಮ ಗದ್ದೆ. ನಮ್ಮ ಅಜ್ಜ ಉತ್ತ ಗದ್ದೆ. ಅಲ್ಲಿಗೆ ಹೋಗಕ್ಕೆ ನಂಗೆ ಹಕ್ಕಿಗಳ ಪರ್ಮಿಶನ್ ಬೇಕಾ?"

"ನಮ್ಮ ಗದ್ದೆ ತಾನೆ?" ಎಂದೆ. "ಹಾಗಿದ್ರೆ ನನ್ನ ಪಾಲು ಕೊಡು."

ಹೋಳಿಗೆ ಅವನ ಕೈಯಲ್ಲೇ ನಿಂತಿತು. ಹೆಣ್ಣುಮಕ್ಕಳಿಗೂ ಪಾಲಿದೆ ಎಂಬುದು ಅವನಿಗೆ ಗೊತ್ತಿರುವ ಕಾನೂನೇ. ಇರುವ ಆಸ್ತಿಯಲ್ಲಿ ನಾನು ಇದುವರೆಗೆ ಒಂದು ಗೇಣನ್ನೂ ಕೇಳಿರಲಿಲ್ಲ. ಈಗ ಕೇಳಿದ್ದು ಇಲ್ಲದ ಆಸ್ತಿಯಲ್ಲಿ. ಪತ್ರವಿಲ್ಲದ, ಪಹಣಿಯಿಲ್ಲದ, ವರ್ಷಕ್ಕೆ ಮೂರು ತಿಂಗಳು ಮಾತ್ರ ಗಾಳಿ ಕಾಣುವ ಗದ್ದೆಯನ್ನು ಅಕ್ಕ ತಮ್ಮ ಊಟದ ಎಲೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಪಾಲು ಮಾಡಲು ಕೂತೆವು. ಬುಡದ ಅರ್ಧ ಅವನಿಗೆ, ತುದಿಯ ಅರ್ಧ ನನಗೆ ಎಂದೆ. ತುದಿಯಲ್ಲೇ ವ್ಯೂ ಇರುವುದು ಎಂದ. ತುದಿಯಲ್ಲೇ ಮೊಟ್ಟೆ ಇರುವುದು ಎಂದೆ. ಅವನು ಎದ್ದು ಕೈ ತೊಳೆಯಲು ಹೋದ, ಹೋಗುವಾಗ "ನಿಂಗೆ ತಲೆ ಕೆಟ್ಟಿದೆ ಮಾರಾಯ್ತಿ" ಎಂದ. ಇರಬಹುದು. ತಲೆ ಕೆಟ್ಟವರ ಪಾಲನ್ನೂ ಕಾನೂನು ರದ್ದು ಮಾಡುವುದಿಲ್ಲವಲ್ಲ.

ಮರುದಿನ ಅರಣ್ಯ ಇಲಾಖೆಯ ಕಚೇರಿಗೆ, ಮರಿಗಳು ಹಾರುವವರೆಗೆ ಅಲ್ಲಿ ಟೆಂಟು ಬೇಡವೆಂದು ಒಂದು ಅರ್ಜಿ ಬರೆದು ಕೊಟ್ಟೆ. ಅಲ್ಲಿಯವರು ಸಜ್ಜನರು, ಓದಿ, ಸೀಲು ಹಾಕಿ, ಮೇಲಕ್ಕೆ ಕಳಿಸುತ್ತೇವೆ ಎಂದರು. ಅರ್ಜಿಗೆ ಅದರದೇ ಆದ ವೇಗವಿದೆ. ಮೊಟ್ಟೆಗೂ ಅದರದೇ ಆದ ವೇಗವಿದೆ. ಎರಡೂ ಒಂದೇ ದಿನ ಒಡೆದು ಹೊರಬರುತ್ತವೆಂಬ ಭರವಸೆ ನನಗಿರಲಿಲ್ಲ. ಹಾಗಾಗಿ ಒಂದು ಪ್ಲಾಸ್ಟಿಕ್ ಸ್ಟೂಲು, ಬುತ್ತಿ, ನೀರಿನ ಬಾಟಲಿ, ಹಳೆಯ ಕಪ್ಪು ಕೊಡೆ ತೆಗೆದುಕೊಂಡು ಗದ್ದೆಯ ಬುಡಕ್ಕೆ ಹೋಗಿ ಕೂತೆ. ಅದೊಂದೇ ದಾರಿ, ನೆಲದ ಮೇಲಿಂದ ಬರುವವರು ನನ್ನನ್ನು ದಾಟಿಯೇ ಹೋಗಬೇಕು.

ಎಲ್ಲಿ ಕೂರಬೇಕೆಂದು ಕಲಿಸಿದ್ದು ಆ ಕೊಡೆಯೇ. ಮೊದಲ ದಿನ ತುಸು ಮುಂದೆ ಕೂತೆ. ಹಕ್ಕಿಗಳು ಮೇಲೆದ್ದು ಬಂದು ಕೊಡೆಗೆ ಏಳೆಂಟು ಕಡೆ ಅಭಿಷೇಕ ಮಾಡಿದವು. ಹಿಂದೆ ಸರಿದೆ. ಎರಡನೆಯ ದಿನ ಐದು. ಮತ್ತೂ ಸರಿದೆ. ಹೀಗೆ ದಿನದಿನಕ್ಕೆ ಸರಿಯುತ್ತ, ಕೊನೆಗೊಮ್ಮೆ ಒಂದು ಹಕ್ಕಿಯೂ ಏಳದ, ಒಂದು ಚುಕ್ಕೆಯೂ ಬೀಳದ ಜಾಗ ಸಿಕ್ಕಿತು. ಅಲ್ಲಿ ಸ್ಟೂಲು ಊರಿದೆ. ನಾನು ಕಳೆದ ಅಂಕಗಳನ್ನೆಲ್ಲ ಲೆಕ್ಕವಿಟ್ಟು ಯಾರೋ ಈಗ ವಾಪಸ್ಸು ಕಳೆಯುತ್ತಿದ್ದಾರೆ ಎನಿಸಿತು. ಆದರೆ ಇಷ್ಟು ನ್ಯಾಯವಾಗಿ, ಇಷ್ಟು ಸ್ಪಷ್ಟವಾಗಿ ನಾನು ಯಾವ ಮಗುವಿಗೂ ತಪ್ಪನ್ನು ತೋರಿಸಿಕೊಟ್ಟಿದ್ದು ನೆನಪಿಲ್ಲ.

ಬಂದವರನ್ನು ಬಯ್ದದ್ದೂ ಇದೆ. ಫೋನು ಹಿಡಿದು ಓಡಿ ಬಂದ ಹುಡುಗರನ್ನು ಗಂಟಲೆತ್ತಿ ನಿಲ್ಲಿಸಿದ್ದೇನೆ. ನಾಯಿಯನ್ನು ವಾಕಿಂಗ್ ಕರೆತಂದ ಒಬ್ಬ ದೊಡ್ಡ ಮನುಷ್ಯರ ಮುಂದೆ ಮಡಚಿದ ಕೊಡೆಯನ್ನು ಗೇಟಿನಂತೆ ಅಡ್ಡ ಹಿಡಿದು ನಿಂತಿದ್ದೇನೆ. "ನೀವ್ಯಾರು ಹೇಳಕ್ಕೆ?" ಎಂದು ಕೇಳಿದರು. "ಗದ್ದೆ ಯಜಮಾನ್ತಿ" ಎಂದೆ. ಅಂಥ ಸುಳ್ಳನ್ನು ಅಷ್ಟು ಗತ್ತಿನಿಂದ ನಾನು ಜೀವಮಾನದಲ್ಲಿ ಹೇಳಿರಲಿಲ್ಲ. ನಿಂತವರಿಗೆ ನನ್ನ ದುರ್ಬೀನು ಕೊಟ್ಟು ಅಲ್ಲಿಂದಲೇ ನೋಡಿ ಎನ್ನುತ್ತಿದ್ದೆ. ಬಹಳಷ್ಟು ಜನ ನೋಡಿದರು. ಕೆಲವರು ಮರುದಿನವೂ ಬಂದರು.

ನಡುವೆ ಒಂದು ದಿನ ಕಿಗ್ಗದ ಮಳೆದೇವರ ಗುಡಿಗೆ ಹೋಗಿದ್ದೆ. ಮಳೆ ಬೇಕಾದಾಗಲೂ ಸಾಕಾದಾಗಲೂ ನಮ್ಮ ಕಡೆಯವರು ಹೋಗುವುದು ಅಲ್ಲಿಗೇ. ಮಳೆ ಬೇಗ ಬಂದು ನೀರೇರಿದರೆ ಮೊಟ್ಟೆಗಳ ಗತಿಯೇನು? ಈ ವರ್ಷ ತುಸು ತಡವಾಗಿ ಬರಲಿ ಎಂದು ಬೇಡಿಕೊಂಡು ಹೊರಬಂದರೆ ಮೆಟ್ಟಿಲಲ್ಲಿ ಪರಮೇಶ! ಅವನದೂ ಅದೇ ಬೇಡಿಕೆ: ಮಳೆ ಬಂದರೆ ಅವನ ಬೋಟು ಮನೆ ಸೇರಬೇಕು. ಮಾತು ಬಿಟ್ಟಿದ್ದ ಅಕ್ಕ ತಮ್ಮ ಒಂದೇ ದೇವರ ಮುಂದೆ ಒಂದೇ ವರವನ್ನು ಒಬ್ಬರ ವಿರುದ್ಧ ಒಬ್ಬರು ಬೇಡಿಕೊಂಡು, ಒಂದೇ ಬಸ್ಸಿನಲ್ಲಿ ಬೇರೆಬೇರೆ ಸೀಟಿನಲ್ಲಿ ಕೂತು ಬಂದೆವು.

ಮುಂದಿನ ಭಾನುವಾರ ಅವನು ನೀರಿನ ಕಡೆಯಿಂದ ಬಂದ. ನೆಲದ ದಾರಿ ನನ್ನದಾದರೆ ನೀರಿನ ದಾರಿ ಅವನದು. ಪಾಲು ಮಾಡುವಾಗ ಇದನ್ನು ನಾನು ಯೋಚಿಸಿರಲಿಲ್ಲ. ಮೋಟಾರಿನ ಸದ್ದು ಕೇಳಿ ಎದ್ದು ನಿಂತೆ. ಬೋಟಿನಲ್ಲಿ ಆರು ಜನ ಅತಿಥಿಗಳು, ಸುರುಳಿ ಸುತ್ತಿದ ಟೆಂಟು. ನೇರ ತುದಿಯ ಕಡೆಗೆ ಬರುತ್ತಿದ್ದಾನೆ. ಓಡಿಹೋಗಿ ತಡೆಯೋಣವೆಂದರೆ ನಾನೇ ಮೊಟ್ಟೆಗಳ ನಡುವೆ ಓಡಬೇಕು. ಅವನು ಮಾಡಲಿರುವ ಅನಾಹುತವನ್ನು ನಾನು ಮೊದಲೇ ಮಾಡಿದಂತಾಗುತ್ತದೆ. ಒಂದು ಹೆಜ್ಜೆ ಮುಂದಿಟ್ಟೆ, ಹಕ್ಕಿಗಳು ಎದ್ದವು, ಹೆಜ್ಜೆ ಹಿಂದೆ ತೆಗೆದೆ. ಇಷ್ಟು ದಿನ ಕಾದದ್ದು ಇದಕ್ಕೇ, ಈಗ ಏನೂ ಮಾಡಲಾಗದೆ ನಿಂತಿದ್ದೆ.

ಬೋಟು ತುದಿಯಿಂದ ಸ್ವಲ್ಪ ದೂರದಲ್ಲಿ ನಿಂತಿತು. ಮೋಟಾರು ಆರಿತು. ನೋಡಿದರೆ ತುದಿಯ ಸುತ್ತ ನೀರಿನಲ್ಲಿ ಸಾಲಾಗಿ ಬಲೆಯ ಬೆಂಡುಗಳು ತೇಲುತ್ತಿದ್ದವು. ಅದರೊಳಗೆ ಮೋಟಾರು ಹಾಯಿಸಿದರೆ ಬಲೆ ಸುತ್ತಿಕೊಳ್ಳುತ್ತದೆ. ಆಚೆ ಶೇಖರಣ್ಣ ತೆಪ್ಪದ ಮೇಲೆ ಬೀಡಿ ಸೇದುತ್ತ ಕೂತಿದ್ದ. ಮೀನು ಸಿಗದ ಆ ಜಾಗದಲ್ಲಿ ಅವನು ಬಲೆ ಬಿಟ್ಟದ್ದು ಏಕೆಂದು ನಾನು ಈವರೆಗೂ ಕೇಳಿಲ್ಲ, ಅವನೂ ಹೇಳಿಲ್ಲ.

ನಿಂತ ಬೋಟಿನ ಮೇಲೆ ಹಕ್ಕಿಗಳು ಎರಗಿದವು. ಅತಿಥಿಗಳು ಮೊದಲು ನಕ್ಕರು, ಫೋನೆತ್ತಿದರು, ಆಮೇಲೆ ಟವೆಲು ಹುಡುಕಿದರು. ಬೋಟು ತುಸು ಹಿಂದೆ ತೇಲಿದ ಮೇಲೆ ಹಕ್ಕಿಗಳು ಶಾಂತವಾಗಿ ಒಂದೊಂದೇ ಕೆಳಗಿಳಿದವು. ಬಿಸಿಲು ಸುಡುತ್ತಿತ್ತು. ಆಗ ನನ್ನ ಫೋನು ರಿಂಗಾಯಿತು. ಎದುರಿಗೇ ಕಾಣುವ ತಮ್ಮ ಫೋನಿನಲ್ಲಿ ಮಾತಾಡಿದ.

"ಅಕ್ಕಾ, ಅದು ಎಂತ ಮಾಡ್ತಿದೆ? ಹೊಟ್ಟೆ ನೀರಿಗೆ ಮುಟ್ಸಿ ಮುಟ್ಸಿ ಹೋಗಿ ಕೂರ್ತಿದೆಯಲ್ಲ?"

"ಮೊಟ್ಟೆಗೆ ನೀರು ತಗೊಂಡ್ಹೋಗ್ತಿದೆ ಪರಮೇಶ. ಪುಕ್ಕ ಒದ್ದೆ ಮಾಡ್ಕೊಂಡು ಹೋಗಿ ಮೊಟ್ಟೆ ತಣಿಸುತ್ತೆ. ಅವತ್ತು ನಾವು ಪಾಯಸ ತಿನ್ಕೊಂಡು ಕೂತಿದ್ವಲ್ಲ, ತಡೆದಿದ್ದು ಅದನ್ನೇ."

ಅವನು ಫೋನು ಇಡಲಿಲ್ಲ. ಆ ದಿನ ಎರಡನೆಯ ಸಲ ಪಾಯಸ ಕೇಳಿ ಹಾಕಿಸಿಕೊಂಡವನು ಅವನೇ. ಫೋನಿನಲ್ಲಿ ಗಾಳಿಯ ಸದ್ದು ಕೇಳುತ್ತಿತ್ತು. ನಡುವೆ ಅತಿಥಿಯೊಬ್ಬರು ಮೆಲ್ಲಗೆ, "ನೋಡಿ, ಮತ್ತೆ ಬಂತು, ಮತ್ತೆ ಬಂತು" ಎನ್ನುತ್ತಿದ್ದರು. ಅರ್ಧ ಗಂಟೆಯ ಮೇಲೆ ಅವನು ಮೋಟಾರು ಹಾಕದೆ ಹುಟ್ಟುಹಾಕುತ್ತ ಹಿಂದಿರುಗಿದ. ಹೊರಡುವ ಮುಂಚೆ ಫೋನಿನಲ್ಲಿ, "ಈ ವರ್ಷಕ್ಕೆ ಮಾತ್ರ" ಎಂದ. "ಮುಂದಿನ ವರ್ಷಕ್ಕೂ ಇದೇ ಸ್ಟೂಲು ಇದೆ" ಎಂದೆ.

ಅಮಾವಾಸ್ಯೆಗೆ ಮನೆಯವರೆಲ್ಲ ಬಂದರು. ಮೂರು ಕಲ್ಲನ್ನು ನನ್ನ ಸ್ಟೂಲಿನ ಪಕ್ಕದಲ್ಲೇ ಹೂಡಿದೆವು. ಹೊನ್ನೆಮರವಿದ್ದ ಜಾಗ, ಕಣವಿದ್ದ ಜಾಗ ದೂರದಲ್ಲಿ ಕಾಣುತ್ತಿತ್ತು. ಪರಮೇಶ ಎಲೆ ಹಾಕಿದ, ನಾನು ಪಾಯಸ ಬಡಿಸಿದೆ, ಎಲ್ಲರೂ ಕೈಮುಗಿದು ಆಕಾಶ ನೋಡಿದೆವು. ಒಂದು ಹಕ್ಕಿಯೂ ಬರಲಿಲ್ಲ. ಅಲ್ಲಿ ತುದಿಯಲ್ಲಿ ಅವು ತಮ್ಮ ತಮ್ಮ ತಗ್ಗುಗಳಲ್ಲಿ ಕೂತೇ ಇದ್ದವು. ಕೆಲವುಗಳ ರೆಕ್ಕೆಯಡಿಯಿಂದ ಮರಳಿನ ಬಣ್ಣದ ಪುಟ್ಟ ತಲೆಗಳು ಇಣುಕುತ್ತಿದ್ದವು. ಅಪ್ಪ ಬರಲಿಲ್ಲ. ಅಷ್ಟು ನಿರಾಳವಾಗಿ ನಾನು ಅಪ್ಪನಿಗೆ ಎಂದೂ ಎಡೆ ಹಾಕಿರಲಿಲ್ಲ.

ಈಗ ಮಳೆ ಹಿಡಿದಿದೆ. ನಮ್ಮ ಗದ್ದೆ ಮತ್ತೆ ಮುಳುಗಿದೆ. ಮರಿಗಳು ಅದಕ್ಕೂ ಮುಂಚೆಯೇ ಹಾರಿ ಹೋಗಿವೆ. ಮೊನ್ನೆ ಪರಮೇಶನ ಮನೆಗೆ ಹೋಗಿ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟಿದ್ದೆ. ಇಷ್ಟು ಮಳೆಯಲ್ಲೂ ಚುಕ್ಕೆಗಳು ಪೂರ್ತಿ ಹೋಗಿಲ್ಲ, ಅವುಗಳ ಗುರುತು ಬಟ್ಟೆಯಲ್ಲಿ ಕಚ್ಚಿಕೊಂಡಿದೆ. ಅತಿಥಿಯಾಗಿ ಬಂದಿದ್ದ ಒಬ್ಬ ಸುಸಂಸ್ಕೃತ ಹೆಣ್ಣುಮಗಳು ಅದನ್ನು ಕಂಡು, ಪಾಪ ವಯಸ್ಸಾದವರು ಎಂದುಕೊಂಡಳೋ ಏನೋ, ಕೊಡೆಯನ್ನೆತ್ತಿಕೊಂಡು ನಲ್ಲಿಯ ಕಡೆಗೆ ಹೊರಟಳು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಒಳಗಿನಿಂದ ಪರಮೇಶ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದ.

"ಬೇಡಮ್ಮಾ, ಅದನ್ನ ತೊಳೀಬೇಡಿ" ಎಂದ. "ಅದು ನಮ್ಮ ಗದ್ದೆದು."